ಎಂಟು ಹದಿಮೂರರ ಸೋಮಾರಿಗಳು

ಗೋಡೆಯಾಚೆಯ ರಾಯರು ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗುವ ಸಂಕಲ್ಪ ಮಾಡಿದ್ದಾರೆ. ಪರಿಣಾಮವಾಗಿ ನಮ್ಮ ಮಹಡಿಯಲ್ಲಿ ರಾಯರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಐದಕ್ಕೆ ಏಳುತ್ತಿದ್ದಾರೆ.

ಮುಂಬಯಿ ಪಕ್ಕದ ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿ ಎರಡು ಫ್ಲ್ಯಾಟುಗಳ ನಡುವೆ ಎಷ್ಟೋ ಕಡೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಆಚೆ ಒಗ್ಗರಣೆ ಸಿಡಿದರೆ ಈಚೆಯವರು ಸೀನಬೇಕು. ಇಂಥ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಶೆಲ್ಫಿನ ಮೇಲೆ ರಾಯರ ಫೋನು ಮಲಗುತ್ತದೆ. ಐದಕ್ಕೆ ಸುಪ್ರಭಾತ ಶುರು. 'ಉತ್ತಿಷ್ಠ' ಎಂಬಲ್ಲಿಗೆ ರಾಯರ ಬೆರಳು ಸ್ನೂಜ್ ಗುಂಡಿ ಒತ್ತುತ್ತದೆ. ಗೋವಿಂದನೂ ಏಳುವುದಿಲ್ಲ, ರಾಯರೂ ಏಳುವುದಿಲ್ಲ.

ಅವರ ಫೋನಿನಲ್ಲಿ ಸ್ನೂಜ್ ಎಂದರೆ ಒಂಬತ್ತು ನಿಮಿಷ. ಐದಕ್ಕೆ ಶುರುವಾದದ್ದು ಐದು ಒಂಬತ್ತಕ್ಕೆ, ಐದು ಹದಿನೆಂಟಕ್ಕೆ, ಐದು ಇಪ್ಪತ್ತೇಳಕ್ಕೆ ಮತ್ತೆ ಮತ್ತೆ ಬಾರಿಸುತ್ತ ಹೋಗಿ, ರಾಯರು ನಿಜಕ್ಕೂ ಏಳುವ ಆರೂವರೆಯ ಹೊತ್ತಿಗೆ ಒಟ್ಟು ಹನ್ನೊಂದು ಸಲ ಆಗಿರುತ್ತದೆ. ತಿರುಪತಿಯ ತಿಮ್ಮಪ್ಪನನ್ನೇ ದಿನಕ್ಕೊಮ್ಮೆ ಎಬ್ಬಿಸಿದರೆ ಸಾಕಾಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1956ರಲ್ಲಿ 'ಸ್ನೂಜ್ ಅಲಾರಂ' ಎಂಬ ಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಪುಣ್ಯಾತ್ಮರಿಗೆ ನಮ್ಮ ಗೋಡೆಗಳ ದಪ್ಪ ಗೊತ್ತಿರಲಿಲ್ಲ. ಊರಿನಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನೇ ಹಿಂದಕ್ಕೆ ಕಳಿಸಿದವರು ನಾವು. ನಮ್ಮ ಕೈಗೆ ಆ ಗುಂಡಿ ಕೊಡಲೇಬಾರದಿತ್ತು.

ಯಾರೋ ಉಪಾಯ ಹೇಳಿದರು: ಫೋನನ್ನು ಸ್ಟೀಲ್ ತಟ್ಟೆಯ ಮೇಲಿಡಿ, ಸದ್ದು ಜೋರಾಗುತ್ತದೆ. ರಾಯರು ಇಟ್ಟರು. ವೈಬ್ರೇಶನ್ ಬೇರೆ ಚಾಲೂ ಇತ್ತು. ಗಾಳಿಯಲ್ಲಿ ಬರುವ ಸದ್ದನ್ನು ದಿಂಬಿನಿಂದ ಕಿವಿ ಮುಚ್ಚಿ ತಡೆಯಬಹುದು. ನಡುಗುವ ಫೋನಿನಿಂದ ತಟ್ಟೆಗೆ, ತಟ್ಟೆಯಿಂದ ಶೆಲ್ಫಿಗೆ, ಶೆಲ್ಫಿನಿಂದ ಗೋಡೆಗೆ ಇಳಿದ ಸದ್ದು ಈಚೆಯವರ ಮಂಚದ ತಲೆಹಲಗೆಯೊಳಗಿನಿಂದಲೇ ಬರುತ್ತದೆ. ತಟ್ಟೆ ಒಂದೊಂದೇ ಅಂಗುಲ ಸರಿಯುತ್ತ ಬಂದು ಶೆಲ್ಫಿನ ಅಂಚಿನಿಂದ ಕೆಳಗೆ ಬಿತ್ತು. ಮೇಲಿನ ಮಹಡಿಯವರು ಯಾರ ಮನೆಯಲ್ಲಿ ಏನಾಯಿತೆಂದು ಓಡಿ ಬಂದರು. ಕೆಳಗಿನವರು ಸೆಕ್ಯುರಿಟಿಯವನಿಗೆ ಫೋನು ಮಾಡಿದರು. ರಾಯರು ಮಗ್ಗುಲು ಬದಲಿಸಿದರು.

ಇದರಲ್ಲಿ ಸರಿಪಡಿಸಲಾಗದ್ದು ಏನೂ ಇಲ್ಲ, ಕೋಪ ಬರುವುದು ಅದಕ್ಕೇ. ಅಲಾರಂ ಒಂದೇ ಇರಬೇಕು. ಹತ್ತು ಇಟ್ಟರೆ ಮೊದಲ ಒಂಬತ್ತು ಸುಳ್ಳೆಂದು ಮಿದುಳು ಬೇಗ ಕಲಿಯುತ್ತದೆ. ಫೋನು ಕೈಗೆ ಎಟುಕದಷ್ಟು ದೂರದಲ್ಲಿ, ಎದ್ದು ನಾಲ್ಕು ಹೆಜ್ಜೆ ನಡೆದರೆ ಸಿಗುವಂತೆ, ಅಡುಗೆಮನೆಯ ಕಟ್ಟೆಯ ಮೇಲೆ ಇರಲಿ. ಕೆಳಗೆ ಮಡಚಿದ ಟವೆಲ್ ಹಾಕಿ, ವೈಬ್ರೇಶನ್ ಆರಿಸಿ. ಎದ್ದವರು ಮೊದಲು ಟ್ಯೂಬ್‌ಲೈಟ್ ಹಾಕಬೇಕು. ನಿದ್ದೆಯ ಮಂಪರು ಇಳಿಯಲು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಬೇಕು, ಅಷ್ಟು ಹೊತ್ತು ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು. ಚಪಲಿಯೋ ಶೂಸೋ, ಕುರ್ತಾವೋ ಟೀ ಶರ್ಟೋ ಎಂಬುದೆಲ್ಲ ಹಿಂದಿನ ರಾತ್ರಿಯೇ ಮುಗಿದು, ಸಾಕ್ಸು ಶೂಸಿನೊಳಗೆ ಕೂತಿರಬೇಕು. ರಾಯರ ವಾಕಿಂಗ್ ಶೂಸು ಇನ್ನೂ ಡಬ್ಬಿಯಲ್ಲಿದೆ. ಲೇಸು ಕೂಡ ಪೋಣಿಸಿಲ್ಲ. ಬೆಳಗಿನ ಐದಕ್ಕೆ ಕಣ್ಣು ಮುಚ್ಚಿಕೊಂಡು ಹನ್ನೆರಡು ತೂತುಗಳಲ್ಲಿ ಲೇಸು ಪೋಣಿಸುವ ಮನುಷ್ಯ ಹುಟ್ಟಿಲ್ಲ.

ಇನ್ನು, ಆರೂವರೆಗೆ ಏಳುವವರು ನಾಳೆಯಿಂದಲೇ ಐದಕ್ಕೆ ಏಳುತ್ತೇನೆಂದರೆ ದೇಹ ಒಪ್ಪುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದೆ ತರಬೇಕು, ಅದೂ ಮಲಗುವ ಹೊತ್ತಿನ ಕಡೆಯಿಂದ. ಆದರೆ ಮಲಗುವ ಹೊತ್ತಿನಲ್ಲೇ ರಾಯರ ಕಥೆ ಸಿಕ್ಕಿಕೊಂಡಿರುವುದು. ಆಫೀಸು ಮುಗಿಸಿ, ದಾದರಿನಲ್ಲಿ ತೂರಿಕೊಂಡು ಡೊಂಬಿವಲಿಯಲ್ಲಿ ಇಳಿದು, ಶೇರ್ ರಿಕ್ಷಾದ ಕ್ಯೂ ದಾಟಿ ಮನೆ ಸೇರುವಾಗ ಒಂಬತ್ತು. ಊಟ, ಮಗಳ ಪ್ರಾಜೆಕ್ಟು, ಊರಿನಿಂದ ಅಮ್ಮನ ಫೋನು. ಹನ್ನೊಂದರ ಮೇಲೆ ರಾಯರಿಂದ ಯಾರಿಗೂ ಏನೂ ಬೇಕಿರುವುದಿಲ್ಲ. ಆಗ ಅವರು ದೀಪ ಆರಿಸಿ ಬಾಲ್ಕನಿಯಲ್ಲಿ ಕೂತು ಫೋನಿನಲ್ಲಿ ಹಳೆಯ ಯಕ್ಷಗಾನ ನೋಡುತ್ತಾರೆ. ನಿದ್ದೆ ಬಂದರೂ ಮಲಗದೆ ಮುಂದೂಡುವ ಈ ಚಾಳಿಯ ಬಗ್ಗೆ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಸಂಶೋಧನೆಯನ್ನೇ ಪ್ರಕಟಿಸಿದ್ದಾರೆ. ಇಡೀ ದಿನ ಊರಿಗೆ ಹಂಚಿದ ಮೇಲೆ ಉಳಿದ ಒಂದು ಗಂಟೆಯನ್ನು ನಿದ್ದೆಗೆ ಕೊಡು ಎಂದು ಹೇಳುವ ಧೈರ್ಯ ಯಾರಿಗಿದೆ? ಗೋಡೆಯ ಈಚೆ ಚಂಡೆಯ ಸದ್ದು ತೀರಾ ಮೆಲ್ಲಗೆ ಕೇಳುತ್ತದೆ. ಅದರ ಬಗ್ಗೆ ಯಾರೂ ತಕರಾರು ಮಾಡಿಲ್ಲ.

ಇದೇ ರಾಯರನ್ನು ಡೊಂಬಿವಲಿ ಸ್ಟೇಷನ್ನಿನಲ್ಲಿ ನೋಡಬೇಕು. ಮುಂಬಯಿಯಲ್ಲಿ ಯಾರೂ 'ಎಂಟೂ ಕಾಲಿನ ಗಾಡಿ' ಎನ್ನುವುದಿಲ್ಲ. ಎಂಟು ಹದಿಮೂರು ಎನ್ನುತ್ತಾರೆ. ಎಂಟು ಹತ್ತಕ್ಕೆ ರಾಯರು ಪ್ಲಾಟ್‌ಫಾರ್ಮಿನಲ್ಲಿ, ತಮ್ಮ ಡಬ್ಬದ ತಮ್ಮ ಬಾಗಿಲು ಬಂದು ನಿಲ್ಲುವ ಆ ಒಂದೇ ಹಾಸುಗಲ್ಲಿನ ಮೇಲೆ, ಬ್ಯಾಗು ಎದೆಗೆ ತಿರುಗಿಸಿಕೊಂಡು ನಿಂತಿರುತ್ತಾರೆ. ಹನ್ನೊಂದು ಸುಪ್ರಭಾತಕ್ಕೆ ಜಗ್ಗದವರು ಗಾಡಿ ನಿಲ್ಲುವ ಮೊದಲೇ ಒಳಗಿರುತ್ತಾರೆ. (ಚಲಿಸುವ ಗಾಡಿ ಹತ್ತುವುದು ಅಪಾಯ, ಇದನ್ನು ಶಿಸ್ತೆಂದು ಯಾರೂ ಕಲಿಯಬೇಡಿ.) ಮಳೆಗಾಲ, ಜ್ವರ, ನೆಂಟರು, ಯಾವುದೂ ಇದನ್ನು ತಪ್ಪಿಸಿಲ್ಲ. ಅಂದಮೇಲೆ ಇವರಿಗೆ ಶಿಸ್ತಿಲ್ಲ ಎನ್ನುವುದು ಹೇಗೆ?

ಭಾನುವಾರ ಸಂಜೆ ಇದೇ ರಾಯರು ಕನ್ನಡ ಸಂಘವೊಂದರ ಕಾರ್ಯಕ್ರಮಕ್ಕೆ ಬರುತ್ತಾರೆ. ಆಮಂತ್ರಣದಲ್ಲಿ ನಾಲ್ಕು ಗಂಟೆ 'ಸರಿಯಾಗಿ' ಎಂದಿರುತ್ತದೆ. ಐದಕ್ಕೆ ಹೋದರೆ ಮೈಕಿನವನು ಹಲೋ ಹಲೋ ಅನ್ನುತ್ತಿರುತ್ತಾನೆ. ಐದೂವರೆಗೆ ದೀಪ ಬೆಳಗುತ್ತದೆ. ವಾರವಿಡೀ ಎಂಟು ಹದಿಮೂರನ್ನು ತಪ್ಪಿಸದ ಮುನ್ನೂರು ಜನ ಒಂದೂವರೆ ಗಂಟೆ ತಡವಾಗಿ, ನಿರಾಳವಾಗಿ ಬಂದು ಕೂರುತ್ತಾರೆ. ಸಂಘ ಕಾಯುತ್ತದೆ, ಲೋಕಲ್ ಕಾಯುವುದಿಲ್ಲ. ವ್ಯತ್ಯಾಸ ಇಷ್ಟೇ.

ಹಾಗಾಗಿ ಮುಂದೂಡಿದ ಕೆಲಸಕ್ಕೆ ಲೋಕಲ್ಲಿನ ಗುಣ ತರಿಸಬೇಕು. 'ಈ ವಾರ ಮಾಡುತ್ತೇನೆ' ಎಂದರೆ ಆಗದು; ಇಂಥ ಸ್ಟೇಷನ್ ದಾಟಿದ ಮೇಲೆ ಇಂಥ ಕೆಲಸ ಎಂದು ಕಟ್ಟಿಹಾಕಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರ ಲೇಖನದಲ್ಲಿ ಹೇಳಿದ್ದು ಇದನ್ನೇ: ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಕೆಲಸ ಮುಗಿಸುತ್ತಾರೆ. ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಕೂರುತ್ತದೆ ಎನ್ನುವ ವಾಟ್ಸಾಪ್ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ನಿರಾಶರಾಗುವುದೂ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅದಕ್ಕೆ ಹಿಡಿದದ್ದು ನಡುಮಟ್ಟಕ್ಕೆ 66 ದಿನ. ಕೆಲವರಿಗೆ 18, ಇನ್ನು ಕೆಲವರಿಗೆ 254ರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಲಿಲ್ಲವಂತೆ. ತಪ್ಪಿದ ಮಂಗಳವಾರವನ್ನು ನೆಪ ಮಾಡಿಕೊಂಡು ಮುಂದಿನ ಸೋಮವಾರದವರೆಗೆ ಕಾಯುವವರು ಇದನ್ನು ಎರಡು ಸಲ ಓದಬೇಕು.

ರಾಯರು ಮುಂದೂಡಿದ್ದಕ್ಕೆಲ್ಲ ರಸೀದಿ ಇದೆ. ಪ್ಯಾನ್-ಆಧಾರ್ ಜೋಡಣೆ 2022ರ ಮಾರ್ಚ್ 31ರವರೆಗೆ ಉಚಿತವಾಗಿತ್ತು. ಆಮೇಲೆ ಮೂರು ತಿಂಗಳು 500 ರೂಪಾಯಿ, ಜುಲೈಯಿಂದ 1000. ರಾಯರು ಸಾವಿರದವರೆಗೂ ತಾಳಿದರು. ಪಿಪಿಎಫ್‌ನಲ್ಲಿ ನಷ್ಟ ಇನ್ನೂ ದೊಡ್ಡದು. ಸರ್ಕಾರದ ಈ ಉಳಿತಾಯ ಯೋಜನೆಯಲ್ಲಿ ತಿಂಗಳ ಐದನೇ ತಾರೀಖಿನಿಂದ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. ಆರಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಚಿಕ್ಕಾಸೂ ಇಲ್ಲ. ಒಂದೂವರೆ ಲಕ್ಷವನ್ನು ಏಪ್ರಿಲ್ 5ರೊಳಗೆ ಕಟ್ಟಿದವರಿಗೆ ಶೇ. 7.1ರಂತೆ ಆ ವರ್ಷಕ್ಕೆ 10,650 ರೂಪಾಯಿ ಬಡ್ಡಿ. ಮಾರ್ಚ್ 31ಕ್ಕೆ ಓಡಿ ಹೋಗಿ ಕಟ್ಟುವ ರಾಯರಿಗೆ ಆ ವರ್ಷದ ಬಾಬ್ತು ಸೊನ್ನೆ.

ಕೊನೆಗೆ ಎಂಟು ಹದಿಮೂರರಲ್ಲಿ ದಿನಾ ಒಟ್ಟಿಗೆ ಹೋಗುವವರ ಗ್ರೂಪು ಇದನ್ನು ಕೈಗೆತ್ತಿಕೊಂಡಿತು. ತಿಂಗಳಿಗೆ ಹನ್ನೆರಡೂವರೆ ಸಾವಿರ, ಮೂರನೇ ತಾರೀಖಿನೊಳಗೆ, ಮುಲುಂಡ್ ಸ್ಟೇಷನ್ ದಾಟಿದ ಮೇಲೆ ಫೋನಿನಲ್ಲಿ, ಎಲ್ಲರೆದುರು. ತಪ್ಪಿದವರು ಎಲ್ಲರಿಗೂ ವಡಾಪಾವ್ ಕೊಡಿಸಬೇಕು. ಇಲ್ಲೊಂದು ಎಡವಟ್ಟಾಯಿತು. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವವರಿಗೆ ದಂಡ ಹಾಕಿದರೆ ತಡವಾಗಿ ಬರುವವರು ಹೆಚ್ಚೇ ಆದರೆಂದು 2000ದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿದ್ದರು. ಕಾಸು ಕೊಟ್ಟ ಮೇಲೆ ನಾಚಿಕೆ ಯಾಕೆ? ರಾಯರೂ ಆರು ವಡಾಪಾವ್ ಕೊಡಿಸಿ, ತಾವೇ ಹಸಿ ಮೆಣಸು ಹಂಚಿ, ಲಕ್ಷಣವಾಗಿ ಪಿಪಿಎಫ್ ಮುಂದೂಡಿದರು.

ಗ್ರೂಪು ನಿಯಮ ಬದಲಿಸಿತು. ಈಗ ದಂಡವಿಲ್ಲ. ಹಣ ಕಟ್ಟುವವರೆಗೆ ಫೋರ್ತ್ ಸೀಟು. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಆಸನ ಊರಿ, ಇನ್ನರ್ಧ ದೇವರಿಗೆ ಬಿಟ್ಟು, ಪ್ರತಿ ಬ್ರೇಕಿಗೂ ಎದುರಿನವರ ಮಂಡಿ ಹಿಡಿದುಕೊಂಡು ಕೂರುವ ಜಾಗ ಅದು. ಡೊಂಬಿವಲಿಯಿಂದಲೇ ಹೊರಡುವ ಗಾಡಿಯಲ್ಲಿ ವರ್ಷಗಟ್ಟಲೆ ಕಿಟಕಿ ಹಿಡಿದವರನ್ನು ಅಲ್ಲಿ ಕೂರಿಸಿದರು. ಮುಲುಂಡ್‌ವರೆಗೂ ಕಾಯಬೇಕಾಗಲಿಲ್ಲ. ಅದರ ಹಿಂದಿನ ಠಾಣೆ ಸ್ಟೇಷನ್ ಬರುವ ಮೊದಲೇ, ಒಂದು ಕೈಯಲ್ಲಿ ಮೇಲಿನ ರಾಡು, ಇನ್ನೊಂದರಲ್ಲಿ ಫೋನು ಹಿಡಿದು ರಾಯರು ಓಟಿಪಿ ಒತ್ತಿದರು.