ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂದವರು ಈಗ ಎಲ್ಲಿದ್ದಾರೆ?

ನಿನ್ನೆ ರಾತ್ರಿ ತಿಪಟೂರಿನಿಂದ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಲಗ್ಗೆರೆ ಬಸ್ಸು ಸಿಗಲಿಲ್ಲ. ಆಟೋ ನೋಡೋಣ ಅಂತ ನಿಂತಿದ್ದೆ. ಅಲ್ಲೇ ಕಂಬದ ಬುಡದಲ್ಲಿ ಒಬ್ಬರು ಪೇಪರ್ ಹಾಸಿಕೊಂಡು ಮಲಗೋಕೆ ತಯಾರಾಗುತ್ತಿದ್ದರು. ಐವತ್ತರ ಆಸುಪಾಸು. ಷರಟು ಬಿಚ್ಚಿದರು. ಮಂಡಿ ಮೇಲೆ ಹರಡಿ, ಎರಡೂ ತೋಳು ಹಿಂದಕ್ಕೆ ತಂದು, ಕಾಲರ್ ನೆಟ್ಟಗೆ ಮಾಡಿ, ಅಂಗಡಿಯ ಡಬ್ಬಿಯಲ್ಲಿ ಬರುತ್ತಲ್ಲ, ಹಾಗೆ ಮಡಿಸಿದರು. ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟರು. ಆಮೇಲೆ ಬನಿಯನ್‌ನಲ್ಲೇ ಮಲಗಿದರು. ಬ್ಯಾಗ್ ಪಕ್ಕದಲ್ಲೇ ಇದ್ದರೂ ತಲೆ ಕೆಳಗೆ ಇಟ್ಟುಕೊಳ್ಳಲಿಲ್ಲ. ಷರಟು ಸುಕ್ಕಾಗಬಾರದಲ್ವಾ.

ನನ್ನ ಪಕ್ಕ ನಿಂತಿದ್ದವರು, ನೋಡಿದರೆ ಓದಿದವರ ಹಾಗೇ ಇದ್ದರು, ಅಂದರು: "ಕೈಕಾಲು ಗಟ್ಟಿ ಇದೆ, ದುಡಿದು ತಿನ್ನೋಕೆ ಏನು ಧಾಡಿ ಇವಕ್ಕೆ?"

ಇವಕ್ಕೆ. "ಇವರಿಗೆ" ಅಲ್ಲ, "ಇವಕ್ಕೆ". ಆ ಒಂದು ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಬೆಳಿಗ್ಗೆಯಿಂದ ಕೆಲಸ ಮಾಡೋಕೆ ಆಗುತ್ತಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮಲಗಿದ್ದವರ ಹತ್ತಿರ ಹೋಗಿ ಕೂತೆ. ಮೊದಲು ಮಾತಾಡಲಿಲ್ಲ. ಎದ್ದು ಕೂತು ಬ್ಯಾಗ್ ಹತ್ತಿರ ಎಳೆದುಕೊಂಡರು. ಪೊಲೀಸಿನವನೋ ಏನೋ ಅಂದುಕೊಂಡರಂತೆ. ಲಗ್ಗೆರೆ ಅಂದ ಮೇಲೆ ಮುಖ ಸಡಿಲವಾಯಿತು. ಅವರೂ ನಮ್ಮ ಕಡೆಯವರೇ. ಪೀಣ್ಯ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಫಿನಿಷಿಂಗ್ ಸೆಕ್ಷನ್, ಅಂದರೆ ಷರಟು ಮಡಿಸೋ ಕೆಲಸ. ಆರ್ಡರ್ ಕಡಿಮೆ ಆಯಿತು ಅಂತ ಒಂದಷ್ಟು ಜನರನ್ನು ಕರೆದು ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಂಡರು. ಪಿಎಫ್ ಬೇಗ ಬರುತ್ತೆ, ಹಾಕಿ ಅಂದರಂತೆ. ಅದು ರಾಜೀನಾಮೆ ಪತ್ರ.

ಈ ಸೈನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವರ್ಷಕ್ಕಿಂತ ಜಾಸ್ತಿ ದುಡಿದ ಕಾರ್ಮಿಕರನ್ನು ಕಂಪನಿಯೇ ಕೆಲಸದಿಂದ ತೆಗೆದರೆ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡಬೇಕು. ತಿಂಗಳ ನೋಟಿಸ್ ಬೇರೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದಾಗಿನಿಂದಲೂ ಇರುವ ಹಕ್ಕು ಇದು. ಅವರೇ ಬಿಟ್ಟು ಹೋದರು ಅಂತ ಬರೆಸಿಕೊಂಡರೆ ಕಂಪನಿ ಆ ಪರಿಹಾರ ಕೊಡಬೇಕಾಗಿಲ್ಲ. ಹನ್ನೊಂದು ವರ್ಷಕ್ಕೆ ಹತ್ತಿರ ಹತ್ತಿರ ಐದೂವರೆ ತಿಂಗಳ ಸಂಬಳ. ಒಂದು ಸೈನ್‌ನಲ್ಲಿ ಹೋಯಿತು. ಆ ದುಡ್ಡು ಕೈಗೆ ಬಂದಿದ್ದರೆ ಇವರು ನಿನ್ನೆ ರಾತ್ರಿ ಆ ಕಂಬದ ಬುಡದಲ್ಲಿ ಇರುತ್ತಿರಲಿಲ್ಲ.

ಕೆಲಸ ಹೋದ ತಕ್ಷಣ ಯಾರೂ ಬೀದಿಗೆ ಬೀಳಲ್ಲ. ನಮ್ಮ ಬೆಂಗಳೂರಿನಲ್ಲಿ ಅದಕ್ಕೊಂದು ದಾರಿ ಇದೆ, ಅದರ ಹೆಸರು ಅಡ್ವಾನ್ಸ್. ಏಳು ಸಾವಿರ ಬಾಡಿಗೆ, ಎಪ್ಪತ್ತು ಸಾವಿರ ಅಡ್ವಾನ್ಸ್. ಮೊದಲ ತಿಂಗಳು ಬಾಡಿಗೆ ಕೊಡೋಕಾಗದೆ ಓನರ್ ಮುಂದೆ ನಿಂತರೆ, "ಪರವಾಗಿಲ್ಲ, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ತೀನಿ" ಅಂತಾರೆ. ಕೇಳೋಕೆ ಎಷ್ಟು ಒಳ್ಳೆ ಮಾತು! ಇವರ ಓನರ್ ಐದು ತಿಂಗಳು ಹಾಗೇ ಮುರಿದರು. ಆಮೇಲೆ ಖಾಲಿ ಮಾಡಿ ಅಂದರು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಉಳಿದಿದ್ದು 28 ಸಾವಿರ. ಅದರಲ್ಲಿ ಸಂಘದ ಸಾಲದ ಕಂತು, ಮಗಳ ಕಾಲೇಜಿನ ಫೀಸು. ಕೈಯಲ್ಲಿ ಉಳಿದಿದ್ದು ಬ್ಯಾಗು.

ಇನ್ನೊಂದು ಮನೆ ಬೇಕು ಅಂದರೆ ಮತ್ತೆ ಐವತ್ತು, ಅರವತ್ತು ಸಾವಿರ ಒಟ್ಟಿಗೇ ಇಡಬೇಕು. ಹಳೇ ಅಡ್ವಾನ್ಸ್ ಕರಗಿಹೋಗಿದೆ, ಹೊಸದು ತರೋದು ಎಲ್ಲಿಂದ? ಹೆಂಡತಿ, ಮಗಳನ್ನು ಮದ್ದೂರಿನಲ್ಲಿ ನಾದಿನಿ ಮನೆಗೆ ಕಳಿಸಿದ್ದಾರೆ. ಇವರು ಇಲ್ಲಿ.

"ದುಡಿಯೋಕೆ ಏನು ಧಾಡಿ" ಅಂದರಲ್ಲ, ಅವರು ದುಡೀತಿದ್ದಾರೆ ರೀ! ಬೆಳಿಗ್ಗೆ ಐದಕ್ಕೆ ಎದ್ದು ಯಶವಂತಪುರ ಎಪಿಎಂಸಿಗೆ ಹೋಗ್ತಾರೆ. ಲೋಡ್ ಸಿಕ್ಕ ದಿನ ಮೂಟೆ ಹೊರ್ತಾರೆ. ಸಿಗದ ದಿನ ಆ ಷರಟು ಹಾಕಿಕೊಂಡು ಫ್ಯಾಕ್ಟರಿ ಗೇಟುಗಳ ಮುಂದೆ ನಿಲ್ತಾರೆ. ಇಂದಿರಾ ಕ್ಯಾಂಟೀನ್‌ನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅದೊಂದು ಇಲ್ಲದಿದ್ದರೆ ಏನು ಗತಿಯೋ. ಸೆಕ್ಯುರಿಟಿ ಏಜೆನ್ಸಿಯೊಂದರಲ್ಲಿ ಕೆಲಸ ಸಿಕ್ಕಿತ್ತಂತೆ. ಪೊಲೀಸ್ ವೆರಿಫಿಕೇಷನ್‌ಗೆ ಈಗಿರುವ ಮನೆಯ ವಿಳಾಸ ಕೇಳಿದರು. ಮನೆ ಇಲ್ಲ, ಅದಕ್ಕೆ ಕೆಲಸ ಇಲ್ಲ. ಕೆಲಸ ಇಲ್ಲ, ಅದಕ್ಕೆ ಮನೆ ಇಲ್ಲ. ಇದನ್ನು ಅವರು ಸಿಟ್ಟಿಲ್ಲದೆ ಹೇಳಿದರು. ನನಗೇ ಕೈ ನಡುಗಿತು.

ಈಗ ಒಂದಿಬ್ಬರು ಕಾಮೆಂಟ್ ಹಾಕ್ತೀರ, ಗೊತ್ತು. "ಊರಿಗೆ ಹೋಗಬಹುದಲ್ವಾ?" ಅಂತ. ಯಾವ ಊರು? ಇರೋ ಹದಿನೈದು ಗುಂಟೆ ಅಣ್ಣತಮ್ಮಂದಿರಲ್ಲಿ ಹಂಚಿದ ಮೇಲೆ ಅಲ್ಲಿ ಏನು ಬೆಳೆಯೋದು? ಊರಲ್ಲಿ ಕೂಲಿ ಸಿಗುವ ಹಾಗಿದ್ದರೆ ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಯಾಕೆ ಬರುತ್ತಿದ್ದರು? "ಮೊದಲೇ ಉಳಿಸಿ ಇಡಬೇಕಿತ್ತು" ಅಂತಲೂ ಅಂತೀರ. ಉಳಿಸಿದ್ದರು. ಆ ಎಪ್ಪತ್ತು ಸಾವಿರವೇ ಅವರ ಉಳಿತಾಯ. ಅದು ಇದ್ದಿದ್ದು ಓನರ್ ಹತ್ತಿರ.

ಮತ್ತೆ ಮತ್ತೆ ಓನರ್ ಓನರ್ ಅಂತೀನಲ್ಲ, ಒಂದು ವಿಷಯ ಹೇಳಿಕೊಳ್ಳಲೇಬೇಕು. ನಮ್ಮ ಲಗ್ಗೆರೆ ಮನೆ ನೋಡಿದ್ದೀರಲ್ಲ, ಕೆಳಗೆ ಎರಡು ಬಾಡಿಗೆ ಮನೆ. ಅಪ್ಪ ಹೋದ ಮೇಲೆ ಅಮ್ಮನಿಗೆ ಅದೇ ಆಧಾರ. 2020ರ ಲಾಕ್‌ಡೌನ್‌ನಲ್ಲಿ ಒಂದು ಮನೆಯಲ್ಲಿ ಹೋಟೆಲ್ ಸಪ್ಲೈಯರ್ ಇದ್ದರು, ಹೆಂಡತಿ, ಎರಡು ಚಿಕ್ಕ ಮಕ್ಕಳು. ಹೋಟೆಲ್ ಮುಚ್ಚಿತು. "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ತೀವಿ ಬಿಡಿ" ಅಂದಿದ್ದು ನಾನೇ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಖಾಲಿ ಮಾಡಿ ಅಂತ ಹೇಳಿದ್ದೂ ನಾನೇ. ಟೆಂಪೋಗೆ ಸಾಮಾನು ಹಾಕುವಾಗ ಅವರು ಒಂದು ಮಾತೂ ಆಡಲಿಲ್ಲ. ಚಿಕ್ಕ ಹುಡುಗಿ ನಮ್ಮ ಅಮ್ಮನಿಗೆ ಟಾಟಾ ಮಾಡಿದಳು. ಅವರು ಎಲ್ಲಿ ಹೋದರು ಅಂತ ನಾನು ಒಂದು ಫೋನ್ ಮಾಡಿ ಕೇಳಲಿಲ್ಲ. ನಿನ್ನೆ ರಾತ್ರಿ ಮನೆಗೆ ಬಂದು ಆ ನಂಬರ್ ಹುಡುಕಿದೆ. ಚಾಲ್ತಿಯಲ್ಲಿ ಇಲ್ಲ.

ನಿದ್ದೆ ಬರಲಿಲ್ಲ.

ಎರಡು ತಿಂಗಳಿಗಿಂತ ಜಾಸ್ತಿ ಡಿಪಾಸಿಟ್ ಬೇಡ ಅಂತ ಕೇಂದ್ರ ಸರ್ಕಾರ 2021ರಲ್ಲೇ ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ಹೆಸರೇ ಹೇಳುವ ಹಾಗೆ ಅದು ಮಾದರಿ ಅಷ್ಟೇ. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಬೆಲೆ. ನಮ್ಮ ರಸ್ತೆಯಲ್ಲಿ ಯಾವ ಮನೆ ಕೇಳಿದರೂ ಆರರಿಂದ ಹತ್ತು ತಿಂಗಳ ಅಡ್ವಾನ್ಸ್.

ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಕಟ್ಟಿದವರಿಗೆ ಕೆಲಸ ಹೋದಾಗ ಕೊಡೋಕೆ ಅಂತಲೇ ಒಂದು ಯೋಜನೆ ಇದೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾಯಿತು. ಮೊದಲು ಸರಾಸರಿ ಸಂಬಳದ ಶೇಕಡಾ 25, ಕೊರೊನಾ ಬಂದಾಗ ಶೇಕಡಾ 50 ಮಾಡಿದರು. 90 ದಿನದವರೆಗೆ, ಜೀವನದಲ್ಲಿ ಒಂದು ಸಲ. ಇವರ ಸಂಬಳದಲ್ಲಿ ಹನ್ನೊಂದು ವರ್ಷ ಇಎಸ್‌ಐ ಹಿಡಿದಿದ್ದಾರೆ. ಆ ಹೆಸರನ್ನು ಅವರು ಮೊದಲ ಸಲ ಕೇಳಿದ್ದು ನಿನ್ನೆ, ನನ್ನ ಬಾಯಲ್ಲಿ. ಫ್ಯಾಕ್ಟರಿಯಲ್ಲಿ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಈಗಲೂ ಸಿಗುತ್ತಾ ನೋಡಬೇಕು. ಅವರೇ ಬಿಟ್ಟರು ಅಂತ ಆ ಕಾಗದ ಅಡ್ಡ ಬರಬಹುದು.

ಇನ್ನು ರಾತ್ರಿ ಮಲಗೋ ಜಾಗ. ನಗರದ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನಕ್ಕೆ ಆಗುವಷ್ಟು ಆಶ್ರಯ ಕೇಂದ್ರ ಇರಬೇಕು ಅನ್ನೋದು ಸರ್ಕಾರದ್ದೇ ಮಾರ್ಗಸೂಚಿ. 2011ರ ಜನಗಣತಿಯಲ್ಲಿ ಬೆಂಗಳೂರು 84 ಲಕ್ಷ. ಅಂದರೆ ಆಗಲೇ 8,400 ಜನ ಮಲಗುವಷ್ಟು ಜಾಗ ಬೇಕಿತ್ತು. ಹತ್ತಿರದ ಕೇಂದ್ರ ಎಲ್ಲಿ ಅಂತ ಬಸ್ ಸ್ಟ್ಯಾಂಡ್‌ನಲ್ಲಿ ಮೂರು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಕಂಬದ ಬುಡದಲ್ಲಿದ್ದ ಅವರಿಗೆ ಗೊತ್ತಿರೋದು ಒಂದೇ ಜಾಗ, ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ, ಜನ ಬೆಗ್ಗರ್ಸ್ ಕಾಲೋನಿ ಅನ್ನೋದು. ಅದೂ ಹೆದರಿಕೆಗೆ. ನನ್ನನ್ನು ನೋಡಿ ಬ್ಯಾಗ್ ಎಳೆದುಕೊಂಡಿದ್ದು ಅದಕ್ಕೇ. ವ್ಯಾನ್ ಬಂದು ಎತ್ತಿ ಹಾಕಿಕೊಂಡು ಹೋದರೆ ಅಂತ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾಲಾಗಿ ಜನ ಸತ್ತಿದ್ದು ನಮಗೆ ಮರೆತಿರಬಹುದು. ಬೀದಿಯಲ್ಲಿ ಮಲಗುವವರಿಗೆ ಮರೆತಿಲ್ಲ. ಅಮ್ಮ ವರ್ಷ ವರ್ಷ ಕಟ್ಟುವ ಮನೆ ಕಂದಾಯದ ಮೇಲೆ ಶೇಕಡಾ 3 ಭಿಕ್ಷುಕರ ಸೆಸ್ ಇದೆ. ನೀವೆಲ್ಲ ಮನೆ ಇರುವವರು, ನೀವೂ ಕಟ್ತೀರ. ಆ ದುಡ್ಡಿರುವ ಊರಿನಲ್ಲಿ ಹನ್ನೊಂದು ವರ್ಷ ಷರಟು ಮಡಿಸಿದ ಮನುಷ್ಯ ಷರಟು ಬಿಚ್ಚಿಟ್ಟು ನೆಲದ ಮೇಲೆ ಮಲಗಬೇಕಾ?

ಹೊರಡುವಾಗ ಇನ್ನೂರು ರೂಪಾಯಿ ಕೊಡೋಕೆ ಹೋದೆ. ತಗೊಳ್ಳಲಿಲ್ಲ. ಫೋನ್ ರೀಚಾರ್ಜ್ ಮುಗಿಯುತ್ತೆ, ಅದು ಮಾಡಿಸಿಕೊಟ್ಟರೆ ಸಾಕು, ಕೆಲಸಕ್ಕೆ ಯಾರಾದರೂ ಕರೆದರೆ ಸಿಗಬೇಕಲ್ಲ ಅಂದರು. ಅಲ್ಲೇ ನಿಂತು ಮಾಡಿದೆ.

ಬೆಳಿಗ್ಗೆ ಅಮ್ಮನ ಹತ್ತಿರ ಮಾತಾಡಿದೆ. ಸುಲಭದಲ್ಲಿ ಒಪ್ಪಲಿಲ್ಲ, ಅವರ ಕಷ್ಟವೂ ಸುಳ್ಳಲ್ಲ. ಕೊನೆಗೆ ಹೂಂ ಅಂದರು. ಕೆಳಗಿನ ಹಿಂದಿನ ಮನೆ ಖಾಲಿ ಇದೆ, ಒಂದು ರೂಮು, ಅಡುಗೆಮನೆ. ಅಡ್ವಾನ್ಸ್ ಒಂದು ತಿಂಗಳದ್ದು, ಅದೂ ಕೆಲಸ ಸಿಕ್ಕ ಮೇಲೆ. ಮಧ್ಯಾಹ್ನ ಅವರಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಹೆಂಡತೀನ ಕೇಳಿ ಹೇಳ್ತೀನಿ ಸಾರ್" ಅಂದರು.

ಪೀಣ್ಯ, ದಾಸರಹಳ್ಳಿ, ಯಶವಂತಪುರ ಕಡೆ ಗಾರ್ಮೆಂಟ್ಸ್‌ನಲ್ಲಿ ಫಿನಿಷಿಂಗ್ ಅಥವಾ ಪ್ಯಾಕಿಂಗ್‌ಗೆ ಜನ ಬೇಕು ಅಂತ ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ವಿಳಾಸ ಕೇಳಿದರೆ ನಮ್ಮ ಮನೆಯದೇ ಕೊಡ್ತೀವಿ.