ಶೊಪೊನ ಸೈತಾನನಲ್ಲ

ಮೈತುಂಬ ಒಣಹುಲ್ಲು ಹೊದ್ದು, ಮುಖವೇ ಕಾಣದ ಆಕೃತಿಯ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘ಇಂದಿಗೂ ಸಿಡುಬು ಹರಡುವ ಆಫ್ರಿಕಾದ ಸೈತಾನ’ ಅಂತ ಕೆಳಗೆ ಬರೆದಿದ್ದಾರೆ. ಇದು ತಪ್ಪು.

ಇವನು ನೈಜೀರಿಯಾ ಕಡೆಯ ಯೊರುಬಾ ಜನರ ದೇವರು ಶೊಪೊನ. ಸಿಡುಬು ಕೊಡುವವನು ಅನ್ನೋ ನಂಬಿಕೆ ಇರುವುದು ನಿಜ. ಆದರೆ ವಾಸಿ ಮಾಡುವವನೂ ಅವನೇ. ಆ ಅರ್ಧವನ್ನು ಸುಮ್ನೆ ನುಂಗಿಬಿಟ್ಟಿದ್ದಾರೆ! ಅವನ ಹೆಸರೆತ್ತಲು ಜನ ಹೆದರುತ್ತಿದ್ದರು. ಅದಕ್ಕೇ ಒಬಲುವಾಯೆ, ಅಂದರೆ ಭೂಮಿಯ ಒಡೆಯ, ಅನ್ನುತ್ತಿದ್ದರು.

ಹುಲ್ಲಿನ ಈ ವೇಷ ಜಾಸ್ತಿ ಕಾಣುವುದು ಬ್ರೆಜಿಲ್‌ನಲ್ಲಿ. ಗುಲಾಮರಾಗಿ ಹೋದವರ ಜೊತೆ ಈ ದೇವರೂ ಅಲ್ಲಿಗೆ ಹೋದ. ಮೈಮೇಲಿನ ಹುಣ್ಣು ಮುಚ್ಚಿಕೊಳ್ಳಲು ಹುಲ್ಲು ಹೊದ್ದನಂತೆ. ಒಮ್ಮೆ ಗಾಳಿಯ ದೇವತೆ ಇಯಾನ್ಸಾ ಜೋರಾಗಿ ಬೀಸಿದಳು. ಹುಲ್ಲು ಮೇಲೆದ್ದಿತು, ಹುಣ್ಣುಗಳೆಲ್ಲ ಪಾಪ್‌ಕಾರ್ನ್ ಆಗಿ ಸಿಡಿದು ಬಿದ್ದವು! ಇವತ್ತಿಗೂ ಭಕ್ತರು ಅವನಿಗೆ ಅದನ್ನೇ ಅರ್ಪಿಸುತ್ತಾರೆ. ಸೈತಾನನಿಗೆ ಯಾರಾದರೂ ಪಾಪ್‌ಕಾರ್ನ್ ಇಡುತ್ತಾರಾ?

ಕ್ಯೂಬಾದಲ್ಲಿ ಇವನೇ ಬಾಬಲು ಅಯೆ. ಅವನ ಹಬ್ಬದ ದಿನವಾದ ಡಿಸೆಂಬರ್ 17ರಂದು ಹವಾನಾ ಬಳಿಯ ಎಲ್ ರಿಂಕೋನ್ ಅನ್ನೋ ಊರಿಗೆ ಹರಕೆ ಹೊತ್ತವರು ತೆವಳಿಕೊಂಡೂ ಬರುತ್ತಾರೆ.

ಇನ್ನು ‘ಇಂದಿಗೂ ಹರಡುವ’ ಅನ್ನೋ ಮಾತು. ಸಿಡುಬು ಜಗತ್ತಿನಿಂದಲೇ ತೊಲಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಘೋಷಿಸಿತ್ತಲ್ವಾ?