ಹಡಗಲ್ಲಿ ಊಟ ಇದ್ದರೂ ದ್ವೀಪದಲ್ಲೇ ಉಂಡೆವು

"ದುಡ್ಡು ಕೊಟ್ಟಾಗಿದೆಯಲ್ಲೇ, ಇಲ್ಲಿ ಮತ್ತೆ ಯಾಕೆ ಕೊಡಬೇಕು?"

ನಮ್ಮೆಜಮಾನರು ಹೀಗೆ ಕೇಳಿದ್ದು ಗ್ರೀಸಿನ ಸಿಮಿ ದ್ವೀಪದ ಬಂದರಲ್ಲಿ, ಮಧ್ಯಾಹ್ನ 12.30ರ ಸುಡುಬಿಸಿಲಲ್ಲಿ. 32 ವರ್ಷ ಬ್ಯಾಂಕಲ್ಲಿ ಇದ್ದವರು, ಲೆಕ್ಕ ತಪ್ಪೋದಿಲ್ಲ. ನಮ್ಮ ಕ್ರೂಸ್ ಟಿಕೆಟ್ಟಲ್ಲೇ ಮೂರು ಹೊತ್ತಿನ ಊಟ ಸೇರಿತ್ತು. ನಮ್ಮ ಪುಟ್ಟ ಹಡಗೂ ಅಲ್ಲೇ, ನೂರು ಹೆಜ್ಜೆ ದೂರದಲ್ಲಿ ಕಟ್ಟೆಗೆ ಬೆನ್ನು ಕೊಟ್ಟು ನಿಂತಿತ್ತು. ಜೊತೆಗಿದ್ದ 36 ಜನರಲ್ಲಿ ಮುಕ್ಕಾಲು ಪಾಲು ಆಗಲೇ ಹಲಗೆ ಹತ್ತಿ ಒಳಗೆ ಹೋಗಿದ್ದರು. ಒಳಗೆ ಎ.ಸಿ. ಇತ್ತು, ಪಾಸ್ತಾ ಇತ್ತು.

ನಾನು ಬರಲ್ಲ ಅಂದೆ. ಯಾಕೆ ಅಂತ ಹೇಳೋಕೆ ಬೆಳಿಗ್ಗೆಯಿಂದ ಶುರು ಮಾಡಬೇಕು.

ಸಿಮಿ ಇರೋದು ರೋಡ್ಸ್ ದ್ವೀಪದ ಉತ್ತರಕ್ಕೆ, ಟರ್ಕಿಯ ಮಗ್ಗುಲಲ್ಲೇ. ಖಾಯಂ ಜನ ಎರಡೂವರೆ ಸಾವಿರದ ಆಸುಪಾಸು. ಸಮುದ್ರದಿಂದ ನೋಡಿದರೆ ಬರೀ ಬೋಳು ಬಂಡೆ, ಒಂದು ಹಸಿರು ಗಿಡ ಕಂಡರೆ ಪುಣ್ಯ. ಹಡಗು ಒಂದು ತಿರುವು ತಗೊಳ್ಳುತ್ತೆ ನೋಡಿ, ಇದ್ದಕ್ಕಿದ್ದ ಹಾಗೆ ಬೆಟ್ಟದ ತುಂಬಾ ಮನೆಗಳು. ಒಂದರ ಮೇಲೊಂದು, ದಸರಾ ಗೊಂಬೆ ಕೂರಿಸಿದ ಹಾಗೆ. ಫೋಟೋಗಳಲ್ಲಿ ನೋಡಿದ್ದ ಬಿಳಿ ಗೋಡೆ, ನೀಲಿ ಗುಮ್ಮಟ ಇಲ್ಲಿಲ್ಲ. ಕಾವಿ, ಹಳದಿ, ತಿಳಿ ಗುಲಾಬಿ ಬಣ್ಣದ ಎರಡಂತಸ್ತಿನ ಮನೆಗಳು. ಒಂದೊಂದರ ನೆತ್ತಿಯಲ್ಲೂ ಗುಡಿಯ ಮುಂಭಾಗದಂಥ ತ್ರಿಕೋನ.

ಎಲ್ಲರೂ ಫೋಟೋ ಹೊಡೆದರು, ನಾನೂ ಹೊಡೆದೆ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನೀರಿಲ್ಲದ, ಬೆಳೆ ಇಲ್ಲದ ಈ ಬಂಡೆ ಮೇಲೆ ಇಷ್ಟು ದೊಡ್ಡ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ಬಂದರಿನ ಒಂದು ಸಣ್ಣ ಅಂಗಡಿಯಲ್ಲಿ. ಸ್ಪಾಂಜ್. ಪ್ಲಾಸ್ಟಿಕ್ಕಿನದಲ್ಲ, ಸಮುದ್ರದ ತಳದಲ್ಲಿ ಬೆಳೆಯೋ ನಿಜವಾದ ಸ್ಪಾಂಜ್. ಅಂಗಡಿಯಾಕೆ ಒಣಗಿದ್ದೊಂದನ್ನು ಕೈಗಿಟ್ಟಳು. ಗರಿಗರಿ, ಹಿಂಡಿದರೆ ಮುರಿದೇ ಹೋಗುತ್ತೇನೋ ಅನ್ನೋ ಹಾಗಿತ್ತು. ಅದನ್ನೇ ನೀರಿನ ಬೋಗುಣಿಗೆ ಹಾಕಿದಳು. ನೋಡ್ತಾ ನೋಡ್ತಾ ಹಿಗ್ಗಿ, ಮಗುವಿನ ಕೆನ್ನೆಯಷ್ಟು ಮೆತ್ತಗಾಯಿತು. ಸಮುದ್ರದಿಂದ ತೆಗೆದಾಗ ಇದರ ಮೈಮೇಲೆ ಕಪ್ಪು ಚರ್ಮ ಇರುತ್ತಂತೆ. ಕಾಲಲ್ಲಿ ತುಳಿದು ತುಳಿದು ಒಳಗಿನ ರಸವನ್ನೆಲ್ಲ ಹೊರಗೆ ಹಾಕಬೇಕಂತೆ, ಆ ವಾಸನೆ ಬೇಡವೇ ಬೇಡ ಅಂತ ಮೂಗು ಮುಚ್ಚಿ ತೋರಿಸಿದಳು. ಹಳದಿಯಾಗಿ ಚೆಂದ ಕಾಣೋದು ಬ್ಲೀಚ್ ಮಾಡಿದ್ದು, ಕಂದು ಬಣ್ಣದ್ದೇ ಜಾಸ್ತಿ ದಿನ ಬಾಳುತ್ತೆ ಅಂದಳು. ಈಗ ಇಲ್ಲಿ ಮಾರೋದರಲ್ಲಿ ಎಷ್ಟೋ ಹೊರಗಿನಿಂದ ಬಂದ ಮಾಲು ಅಂತಾನೂ ಮುಚ್ಚುಮರೆ ಇಲ್ಲದೆ ಹೇಳಿದಳು.

ಹಿಂದೆ ಇಲ್ಲಿಯ ಗಂಡಸರು ಚಪ್ಪಟೆ ಕಲ್ಲೊಂದನ್ನು ಅವುಚಿಕೊಂಡು, ಒಂದೇ ಉಸಿರಲ್ಲಿ ತಳಕ್ಕೆ ಇಳಿಯುತ್ತಿದ್ದರು. ಅಷ್ಟರಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಮೇಲೆ ಬರಬೇಕು. 1863ರಲ್ಲಿ ಹಿತ್ತಾಳೆ ಹೆಲ್ಮೆಟ್ಟಿನ ಡೈವಿಂಗ್ ಸೂಟ್ ಬಂತು. ಅದನ್ನು ತಂದ ಕ್ಯಾಪ್ಟನ್‌ನ ಹೆಂಡತಿಯೇ ಸೂಟ್ ಹಾಕಿಕೊಂಡು ಇದೇ ಬಂದರಲ್ಲಿ ಮುಳುಗಿ ತೋರಿಸಿದಳಂತೆ. ಗಂಡಸರು ಹೆದರಿ ಹಿಂದೇಟು ಹಾಕಿದ್ದರು ಅನ್ನೋದು ಊರಲ್ಲಿ ಹೇಳೋ ಕಥೆ. ಇರಲೂಬಹುದು ಬಿಡಿ, ನನಗೇನೂ ಆಶ್ಚರ್ಯ ಇಲ್ಲ.

ಸೂಟ್ ಬಂದ ಮೇಲೆ ದುಡ್ಡೂ ಹರಿದು ಬಂತು, ಹೆಣಗಳೂ ಬಂದವು. ಮೇಲಿಂದ ಪಂಪಿನಲ್ಲಿ ಗಾಳಿ ಬರುತ್ತೆ, ಅಂದರೆ ಇನ್ನೂ ಆಳಕ್ಕೆ ಹೋಗಬಹುದು, ಇನ್ನೂ ಹೊತ್ತು ಇರಬಹುದು. ಆದರೆ ಆಳದಲ್ಲಿ ಹೊತ್ತು ಕಳೆದು ಸರ್ರನೆ ಮೇಲೆ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುತ್ತೆ, ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ. ನಿಧಾನಕ್ಕೆ, ತಡೆದು ತಡೆದು ಮೇಲೆ ಬರಬೇಕು ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಬೇಸಿಗೆ ಆರಂಭದಲ್ಲಿ ಹೋದ ದೋಣಿಗಳು ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬಂದಾಗ ಎಷ್ಟೋ ಜನ ಇರುತ್ತಿರಲಿಲ್ಲ. ಇದ್ದವರಲ್ಲೂ ಕೆಲವರಿಗೆ ಸೊಂಟದ ಕೆಳಗೆ ಸ್ವಾಧೀನ ಇರುತ್ತಿರಲಿಲ್ಲ.

1900ರಲ್ಲಿ ಆಂಟಿಕಿಥೆರಾ ದ್ವೀಪದ ಹತ್ತಿರ ಎರಡು ಸಾವಿರ ವರ್ಷದ ಹಿಂದೆ ಮುಳುಗಿದ್ದ ಹಡಗನ್ನು ಕಂಡುಹಿಡಿದದ್ದೂ ಸಿಮಿಯ ಸ್ಪಾಂಜ್ ಮುಳುಗುಗಾರರೇ. ಮೊದಲು ಇಳಿದವನು ಕೆಳಗೆ ಹೆಣಗಳ ರಾಶಿ ಇದೆ ಅಂತ ಹೆದರಿ ಮೇಲೆ ಬಂದನಂತೆ. ನೋಡಿದರೆ ಅವು ವಿಗ್ರಹಗಳು. ಸೂರ್ಯ ಚಂದ್ರರ ಲೆಕ್ಕ ಹಾಕೋ ಆ ಹಲ್ಲುಚಕ್ರದ ಯಂತ್ರ ಸಿಕ್ಕಿದ್ದು ಅಲ್ಲೇ, ಈಗ ಅಥೆನ್ಸ್‌ನ ಮ್ಯೂಸಿಯಮ್ಮಲ್ಲಿದೆ. ಆ ಹಡಗಿನ ಮಾಲು ಮೇಲೆತ್ತುವ ಕೆಲಸದಲ್ಲೂ ಒಬ್ಬ ಸತ್ತ, ಇಬ್ಬರು ಎದ್ದು ಓಡಾಡದ ಹಾಗಾದರು.

ಇಷ್ಟು ಗೊತ್ತಾದ ಮೇಲೆ ಆ ಬಣ್ಣದ ಮನೆಗಳನ್ನು ಸುಮ್ನೆ ಚೆಂದ ಅಂತ ನೋಡೋಕಾಗುತ್ತಾ?

ಮೇಲಿನ ಊರಿಗೆ ಹೋಗೋಕೆ ಕಾಲಿ ಸ್ತ್ರಾತಾ ಅನ್ನೋ ಮೆಟ್ಟಿಲು ದಾರಿ ಇದೆ. ಸುಮಾರು 500 ಮೆಟ್ಟಿಲು. ಎಜಮಾನರು ಎಣಿಸೋಕೆ ಹೊರಟು 180ಕ್ಕೆ ಬಿಟ್ಟರು. ನನ್ನ ಮಂಡಿಯ ವಿಷಯ ಬೇಡ. ದಾರಿಯುದ್ದಕ್ಕೂ ಎಡಬಲದಲ್ಲಿ ಆ ದೊಡ್ಡ ಮನೆಗಳು. ಕೆಳಗಿನಿಂದ ಕಾಣದ್ದು ಇಲ್ಲಿ ಕಾಣುತ್ತೆ. ಕೆಲವಕ್ಕೆ ಸೂರಿಲ್ಲ. ಒಂದರ ನಡುಮನೆಯಲ್ಲಿ ಅಂಜೂರದ ಗಿಡ ಬೆಳೆದು ಕಿಟಕಿಯಿಂದ ಕೈ ಚಾಚಿತ್ತು. ನೂರು ವರ್ಷಕ್ಕೂ ಹಿಂದೆ ಇಲ್ಲಿ 20 ಸಾವಿರಕ್ಕೂ ಜಾಸ್ತಿ ಜನ ಇದ್ದರಂತೆ. ಆಮೇಲೆ ಯುದ್ಧಗಳು ಬಂದವು, ಕೃತಕ ಸ್ಪಾಂಜ್ ಬಂತು. ಜನ ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಹೋದರು. 1986ರಲ್ಲಿ ಮೆಡಿಟರೇನಿಯನ್ನಿನ ಸ್ಪಾಂಜಿಗೇ ರೋಗ ಬಂದು, ಉಳಿದಿದ್ದೂ ನೆಲ ಕಚ್ಚಿತು.

ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದೆ. ಕಪ್ಪು ಬಟ್ಟೆಯ ಅಜ್ಜಿಯೊಬ್ಬರು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನನ್ನನ್ನು ದಾಟಿ ಹೋದರು. ನನಗಿಂತ 15 ವರ್ಷ ದೊಡ್ಡವರಿರಬೇಕು. ತಿರುಗಿ ನೋಡಿ "ಸಿಗಾ ಸಿಗಾ" ಅಂದರು. ನಿಧಾನ, ನಿಧಾನ ಅಂತ. ಅವರು ಮಾತ್ರ ನಿಧಾನ ಮಾಡಲಿಲ್ಲ.

ಇಳಿದು ಬಂದಾಗಲೇ ಆ ಊಟದ ಪ್ರಶ್ನೆ ಎದ್ದಿದ್ದು. ನನ್ನ ವಾದ ಇಷ್ಟೇ. ನಾವು ಬೆಳಿಗ್ಗೆ 8ಕ್ಕೆ ಬಂದು ಸಂಜೆ 4.30ಕ್ಕೆ ಹೊರಡೋರು. ಅವರ ಕಟ್ಟೆಗೆ ಹಡಗು ಕಟ್ಟಿದ್ದೇವೆ, ಅವರ ಅಂಗಳದ ಫೋಟೋ ಹೊಡೆದಿದ್ದೇವೆ, ಅವರ ಮೆಟ್ಟಿಲ ಮೇಲೆ ಅಡ್ಡ ಕೂತಿದ್ದೇವೆ. ಇನ್ನು ಊಟಕ್ಕೂ ಹಡಗಿಗೇ ಹೋದರೆ ಈ ಊರಿಗೆ ನಮ್ಮಿಂದ ಸಿಕ್ಕಿದ್ದೇನು? ಒಂದು ಫ್ರಿಜ್ ಮ್ಯಾಗ್ನೆಟ್ಟಿನ ದುಡ್ಡು. ದೊಡ್ಡ ಹಡಗಿನವರನ್ನು ನಾವು ಆಡಿಕೊಳ್ಳುತ್ತೇವೆ, ಮೂರು ಸಾವಿರ ಜನರನ್ನು ಸುರಿದು ಹೋಗ್ತಾರೆ ಅಂತ. ಸಣ್ಣ ಹಡಗಿನವರು ಮಾಡೋದೂ ಅದನ್ನೇ ಆದರೆ ವ್ಯತ್ಯಾಸ ಎಲ್ಲಿ ಬಂತು? ನಾವು ದುಡ್ಡು ಜಾಸ್ತಿ ಕೊಟ್ಟಿರ್ತೀವಿ, ಅಷ್ಟೇ ಅಲ್ವಾ.

ಎಜಮಾನರು ಸೋತಿದ್ದು ನನ್ನ ವಾದಕ್ಕಲ್ಲ, ಪಕ್ಕದ ಮೇಜಿನ ತಟ್ಟೆಗೆ. ಸಿಮಿಯ ಸಿಗಡಿ ಕಿರುಬೆರಳಿಗಿಂತ ಚಿಕ್ಕದು. ಸಿಪ್ಪೆ, ತಲೆ, ಮೀಸೆ ಸಮೇತ ಕರಿದು, ನಿಂಬೆಹಣ್ಣು ಹಿಂಡಿ ಕೊಡ್ತಾರೆ. ಕುಂದಾಪುರದವರ ಮುಂದೆ ಅದನ್ನಿಟ್ಟರೆ ಲೆಕ್ಕಪತ್ರ ಎಲ್ಲಿ ಉಳಿಯುತ್ತೆ? "ಇದು ನಮ್ಮ ಚಟ್ಲಿಯೇ, ಮಸಾಲೆ ಒಂದು ಇಲ್ಲ" ಅಂತ ಎರಡು ತಟ್ಟೆ ಖಾಲಿ ಮಾಡಿದರು. ನಾನು ಸಸ್ಯಾಹಾರಿ. ನನಗೆ ಫಾವಾ ಸಿಕ್ಕಿತು. ಹಳದಿ ಬೇಳೆ ಬೇಯಿಸಿ ನುಣ್ಣಗೆ ಅರೆದು, ಆಲಿವ್ ಎಣ್ಣೆ, ಈರುಳ್ಳಿ ಹಾಕಿದ್ದು. ಒಗ್ಗರಣೆ ಮರೆತ ಗಟ್ಟಿ ತೊವ್ವೆ ಅಂದುಕೊಳ್ಳಿ. ಜೊತೆಗೆ ಹೋರ್ತಾ, ಬೇಯಿಸಿ ಬಸಿದ ಕಾಡುಸೊಪ್ಪು. ಬಸಿದ ನೀರು ಚೆಲ್ಲಿದರೋ ಏನೋ, ನನಗೆ ಬಸ್ಸಾರಿನ ಚಿಂತೆ.

ಬಡಿಸಿದ ಹುಡುಗನನ್ನು ಚಳಿಗಾಲದಲ್ಲಿ ಏನು ಮಾಡ್ತೀಯಪ್ಪಾ ಅಂತ ಕೇಳಿದೆ. ಅಕ್ಟೋಬರ್ ಕೊನೆಗೆ ಹೋಟೆಲ್ ಮುಚ್ಚುತ್ತೆ, ಅಥೆನ್ಸ್‌ಗೆ ಹೋಗಿ ಕೆಲಸ ಹುಡುಕ್ತೀನಿ ಅಂದ. ಅವನ ಮುತ್ತಾತ ಸ್ಪಾಂಜ್ ದೋಣಿಯವನಂತೆ. ಬೇಸಿಗೆಗೆ ಹೋಗಿ ಚಳಿಗಾಲಕ್ಕೆ ಮನೆಗೆ ಬರುತ್ತಿದ್ದನಂತೆ. "ನಂದು ಉಲ್ಟಾ" ಅಂತ ನಕ್ಕ.

ರಾತ್ರಿ ಹಡಗಿನ ಊಟದ ಮೇಜಲ್ಲಿ ಬೇರೆಯದೇ ಗಲಾಟೆ. ಗ್ರೀಸಲ್ಲಿ 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರಿಗೆ ಶುಲ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ ಸ್ಯಾಂಟೊರಿನಿ, ಮಿಕೊನೊಸ್‌ಗೆ ತಲೆಗೆ 20 ಯೂರೋ, ಉಳಿದ ದ್ವೀಪಗಳಿಗೆ 5. ಇದು ಸುಲಿಗೆ ಅಂತ ಒಬ್ಬರು ವೈನ್ ಹೀರುತ್ತಾ ಕೂಗಾಡಿದರು. ಆ ಒಂದು ಗ್ಲಾಸ್ ವೈನಿಗೆ ಅವರು ಕೊಟ್ಟಿದ್ದು 9 ಯೂರೋ. ನಾನು ಬಾಯಿ ಬಿಡುವ ಮೊದಲೇ ನಮ್ಮೆಜಮಾನರು ಆ ಲೆಕ್ಕ ಹೇಳಿಬಿಟ್ಟರು, ಜೋರಾಗಿ.

ಆಮೇಲೆ ಕ್ಯಾಬಿನ್ನಿಗೆ ಬಂದು ಕನ್ನಡಕ ಹಾಕಿಕೊಂಡು ಮೊಬೈಲ್ ಹಿಡಿದು ಕೂತರು. ಮಾರನೇ ದಿನ ನಿಸಿರೋಸ್ ದ್ವೀಪ. "ಲೇ, ಅಲ್ಲಿ ಕಡಲೆಕಾಳಿನ ವಡೆ ಮಾಡ್ತಾರಂತೆ. ನೀನೂ ತಿನ್ನಬಹುದು ನೋಡು" ಅಂದರು.